ಬೀದರಿನ ಸುರಂಗ: ತಡವಾಗಿ ಮಾಡಿದ ಒಂದು ತಿದ್ದುಪಡಿ

ಮೇಷ್ಟರಾದವನು ಹೇಳಿಕೊಟ್ಟ ತಪ್ಪು ಕರಿಹಲಗೆಯ ಮೇಲಿನ ಅಕ್ಷರದಂತೆ ಒರೆಸಿದ ಕೂಡಲೇ ಅಳಿಯುವುದಿಲ್ಲ. ಅದು ಐವತ್ತು ಮಕ್ಕಳ ತಲೆಯಲ್ಲಿ ಕುಳಿತು, ಮುಂದೆ ಅವರ ಮಕ್ಕಳ ಕಿವಿಗೂ ಬೀಳುತ್ತದೆ. ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿದ ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ನನ್ನಿಂದ ಅಂಥ ತಪ್ಪುಗಳು ಹಲವು ಆಗಿರಬೇಕು. ಅವುಗಳಲ್ಲಿ ಒಂದು ಮಾತ್ರ ನನ್ನನ್ನು ಬಿಡದೆ ಕಾಡಿದೆ. ಅದು ಬೀದರ ನಗರದ ನೆಲದಡಿಯ ಸುರಂಗಗಳಿಗೆ ಸಂಬಂಧಿಸಿದ್ದು. ಅದನ್ನು ತಿದ್ದಿಕೊಳ್ಳುವುದೇ ಈ ಬರಹದ ಉದ್ದೇಶ.

1991ರ ಡಿಸೆಂಬರ್ ತಿಂಗಳಲ್ಲಿ ಒಂಬತ್ತನೆಯ ತರಗತಿಯ ಮಕ್ಕಳನ್ನು ಬೀದರ ಕೋಟೆ ತೋರಿಸಲು ಕರೆದುಕೊಂಡು ಹೋಗಿದ್ದೆ. ಕೋಟೆ, ಚೌಬಾರಾ, ಮಹಮೂದ್ ಗವಾನನ ಮದರಸಾ ಎಲ್ಲವನ್ನೂ ನೋಡಿ ಮುಗಿಸಿ, ಮರಳುವ ಹಾದಿಯಲ್ಲಿ ಊರ ಹೊರಗಿನ ನೌಬಾದಿನ ಬಳಿ ಬುತ್ತಿ ಬಿಚ್ಚಿದೆವು. ಅಲ್ಲಿಯ ಬಯಲಿನಲ್ಲಿ ಸ್ವಲ್ಪ ಸ್ವಲ್ಪ ದೂರಕ್ಕೆ ಒಂದರಂತೆ ಕೆಲವು ಪಾಳು ಬಾಯಿಗಳಿದ್ದವು. ನೋಡಲು ಬಾವಿಯಂತೆಯೇ ಇದ್ದರೂ ಅವಕ್ಕೆ ಕಟ್ಟೆಯಿಲ್ಲ, ರಾಟೆಯಿಲ್ಲ. ಸುತ್ತ ಜಾಲಿಯ ಮುಳ್ಳುಕಂಟಿ, ಒಳಗೆ ಕಲ್ಲು ಕಸ. ಇವೇನು ಸರ್ ಎಂದು ಮಕ್ಕಳು ಕೇಳಿದರು. ನಾನು ಚಿಕ್ಕಂದಿನಲ್ಲಿ ಹಿರಿಯರಿಂದ ಕೇಳಿದ್ದ ಕಥೆಯನ್ನೇ ಅಧಿಕಾರವಾಣಿಯಿಂದ ಹೇಳಿದೆ: ಇವು ಬಾದಶಹರ ಗುಪ್ತ ಸುರಂಗದ ಕುರುಹುಗಳು, ಶತ್ರು ಕೋಟೆಗೆ ಮುತ್ತಿಗೆ ಹಾಕಿದಾಗ ರಾಜನೂ ರಾಣಿವಾಸವೂ ಖಜಾನೆಯೊಡನೆ ಈ ಸುರಂಗದ ಮೂಲಕ ಗೋಲ್ಕೊಂಡಾದವರೆಗೆ ಹೋಗುತ್ತಿದ್ದರು, ಒಳಗೆ ಕುದುರೆಯ ಮೇಲೆ ಕುಳಿತು ಹೋಗುವಷ್ಟು ಎತ್ತರವಿದೆ. ಮಕ್ಕಳ ಕಣ್ಣುಗಳು ಅರಳಿದವು. ಕಥೆ ಹೇಳುವ ಮೇಷ್ಟರಿಗೆ ಅದಕ್ಕಿಂತ ಹೆಚ್ಚಿನದೇನು ಬೇಕು?

ಆಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಹುಡುಗ ಎದ್ದು ನಿಂತ. ಅವನ ತಂದೆ ಊರೂರು ತಿರುಗಿ ಬಾವಿ ತೋಡುವ ಕೆಲಸ ಮಾಡುತ್ತಿದ್ದವರು. "ಸರ್, ಓಡಿ ಹೋಗೂ ದಾರಿಗಿ ಮ್ಯಾಲ ಇಷ್ಟ ಬಾಯಿ ಯಾಕ್ ಬೇಕ್ರಿ? ದುಷ್ಮನ್‌ಗ ಕಾಣಂಗಿಲ್ಲೇನ್ರಿ? ನಮ್ಮಪ್ಪ ಅಂತಾನ, ಇದರಾಗ ಮೊದಲ ನೀರ ಹರೀತಿತ್ತಂತ" ಎಂದ. ಉಳಿದ ಮಕ್ಕಳು ನಕ್ಕರು. ನನಗೆ ಉತ್ತರ ತಿಳಿದಿರಲಿಲ್ಲ. ತಿಳಿಯದು ಎಂದು ಒಪ್ಪಿಕೊಳ್ಳುವ ದೊಡ್ಡತನವೂ ಆ ವಯಸ್ಸಿನಲ್ಲಿ ಇರಲಿಲ್ಲ. "ನಿಮ್ಮಪ್ಪ ಇತಿಹಾಸ ಓದಿದ್ದಾರೇನು? ಕುಳಿತುಕೋ" ಎಂದೆ. ಹುಡುಗ ಕುಳಿತ. ಮಕ್ಕಳು ಮತ್ತೊಮ್ಮೆ ನಕ್ಕರು.

ಮಗುವಿನ ಪ್ರಶ್ನೆಯೇ ಕಲಿಕೆಯ ಬಾಗಿಲು ಎಂದು ಬಿ.ಎಡ್. ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದು ಅಂಕ ಗಳಿಸಿದ್ದವನು ನಾನು. ಆ ಬಾಗಿಲು ನನ್ನ ಎದುರಿಗೇ ತೆರೆದಾಗ ಅದನ್ನು ಅಷ್ಟು ಸಲೀಸಾಗಿ ಮುಚ್ಚಿಬಿಟ್ಟೆ. ಮುಂದಿನ ಇಪ್ಪತ್ತು ವರ್ಷಗಳ ಕಾಲ ಪ್ರತಿ ತಂಡಕ್ಕೂ ಅದೇ ಗೋಲ್ಕೊಂಡಾದ ಕಥೆಯನ್ನು ಹೇಳುತ್ತ ಹೋದೆ.

ಆ ಕಥೆಯನ್ನು ಒಮ್ಮೆಯಾದರೂ ಒರೆಗೆ ಹಚ್ಚಿ ನೋಡಿದ್ದರೆ ಅದು ನಿಲ್ಲುತ್ತಿರಲಿಲ್ಲ. ಬೀದರಿನಿಂದ ಗೋಲ್ಕೊಂಡಾಕ್ಕೆ ನೂರು ಕಿಲೋಮೀಟರಿಗೂ ಮಿಕ್ಕ ದೂರ. ನೆಲದಡಿ ಮನುಷ್ಯ ಉಸಿರಾಡಬೇಕಾದರೆ, ಅಗೆದ ಮಣ್ಣು ಮೇಲೆ ಬರಬೇಕಾದರೆ, ಅಲ್ಲಲ್ಲಿ ಬಾಯಿ ತೆರೆಯಲೇಬೇಕು. ಕಿಲೋಮೀಟರಿಗೆ ಏಳೆಂಟು ಬಾಯಿಯಂತೆ ಲೆಕ್ಕ ಹಾಕಿದರೂ ಏಳೆಂಟು ನೂರು ಬಾಯಿಗಳಾದವು. ಇಷ್ಟು ಬಾಯಿಗಳಿರುವ ಗುಟ್ಟು ಎಲ್ಲಾದರೂ ಗುಟ್ಟಾಗಿ ಉಳಿದೀತೆ? ಇನ್ನೂ ದೊಡ್ಡ ಸಾಕ್ಷ್ಯ ಇತಿಹಾಸದಲ್ಲಿಯೇ ಇತ್ತು. 1657ರಲ್ಲಿ ಮೊಗಲ ರಾಜಕುಮಾರ ಔರಂಗಜೇಬನು ಬೀದರ ಕೋಟೆಗೆ ಮುತ್ತಿಗೆ ಹಾಕಿದ. ಆಗ ಕೋಟೆ ಬಿಜಾಪುರದ ಆದಿಲಶಾಹಿಗಳ ವಶದಲ್ಲಿದ್ದು, ಸಿದ್ದಿ ಮರ್ಜಾನ್ ಎಂಬವನು ಅದರ ಅಧಿಕಾರಿಯಾಗಿದ್ದ. 27 ದಿನಗಳ ಮುತ್ತಿಗೆಯ ಕೊನೆಗೆ ಕೋಟೆಯೊಳಗಿನ ಮದ್ದಿನ ಸಂಗ್ರಹಕ್ಕೆ ಬೆಂಕಿ ತಗುಲಿ, ಸಿದ್ದಿ ಮರ್ಜಾನ್ ತೀವ್ರವಾಗಿ ಗಾಯಗೊಂಡು ಕೋಟೆಯನ್ನು ಒಪ್ಪಿಸಿ ಕೊನೆಯುಸಿರೆಳೆದ. ಆ 27 ದಿನಗಳಲ್ಲಿ ಅವನನ್ನಾಗಲಿ ಅವನ ಮನೆಯವರನ್ನಾಗಲಿ ಯಾವ ಸುರಂಗವೂ ಗೋಲ್ಕೊಂಡಾಕ್ಕೆ ಕೊಂಡೊಯ್ಯಲಿಲ್ಲ. ಈ ಪಾಠವನ್ನು ನಾನು ತರಗತಿಯಲ್ಲಿ ಹತ್ತಾರು ಸಲ ಮಾಡಿದ್ದೆ. ಅದೇ ಬಾಯಿಯಿಂದ ಸುರಂಗದ ಕಥೆಯನ್ನೂ ಹೇಳುತ್ತಿದ್ದೆ. ಒಂದು ಇನ್ನೊಂದನ್ನು ಅಲ್ಲಗಳೆಯುತ್ತದೆ ಎಂಬುದು ಹೊಳೆಯಲೇ ಇಲ್ಲ.

2012ರ ಆಚೀಚೆ ಪತ್ರಿಕೆಗಳಲ್ಲಿ ಒಂದು ಹೊಸ ಪದ ಕಾಣಿಸತೊಡಗಿತು. ಕರೇಜ್. ಕೇರಳದ ಭೂಗೋಳಶಾಸ್ತ್ರದ ಅಧ್ಯಾಪಕರಾದ ವಳ್ಳಿಯಿಲ್ ಗೋವಿಂದನ್‌ಕುಟ್ಟಿ ಎಂಬವರು ಬೀದರಿಗೆ ಬಂದು, ಬಾಯಿಂದ ಬಾಯಿಗೆ ನಡೆದು, ಅಳೆದು, ನಕ್ಷೆ ಬರೆದು, ಇವು ಪಲಾಯನದ ದಾರಿಗಳಲ್ಲ, ನೀರು ತರುವ ಕಾಲುವೆಗಳು ಎಂದು ತೋರಿಸಿಕೊಟ್ಟರು. ಟೀಂ ಯುವಾ ಎಂಬ ಬೀದರಿನ ಯುವಕರ ತಂಡ ಅವರ ಜೊತೆ ನಿಂತಿತು. ಸ್ವಲ್ಪ ಕಾಲದ ಮೇಲೆ ಜಿಲ್ಲಾಡಳಿತವು ನೌಬಾದಿನ ಬಾಯಿಗಳ ಹೂಳು ತೆಗೆಸುವ ಕೆಲಸ ಆರಂಭಿಸಿತು. ಸುದ್ದಿ ಓದಿದ ದಿನ ನನಗೆ ಮೊದಲು ನೆನಪಾದದ್ದು ಹಿಂದಿನ ಸಾಲಿನಲ್ಲಿ ಎದ್ದು ನಿಂತಿದ್ದ ಆ ಹುಡುಗ.

ಅವನನ್ನು ಮತ್ತೆ ಕಂಡದ್ದು 2016ರ ಬೇಸಿಗೆಯಲ್ಲಿ. ಆ ವರ್ಷದ ಬರಗಾಲವನ್ನು ನಮ್ಮ ಭಾಗದವರು ಮರೆತಿರಲಾರರು. ನೆರೆಯ ಲಾತೂರಿಗೆ ಏಪ್ರಿಲ್ ತಿಂಗಳಲ್ಲಿ ಮಿರಜದಿಂದ ರೈಲಿನಲ್ಲಿ ನೀರು ಬಂತು; ಮೊದಲ ರೈಲು ತಂದದ್ದು 5 ಲಕ್ಷ ಲೀಟರ್. ಬೀದರಿನಲ್ಲಿ ನಾವು ಟ್ಯಾಂಕರಿನ ಸದ್ದಿಗೆ ನಿದ್ದೆಯಿಂದ ಎದ್ದು ಕೊಡ ಹಿಡಿದು ಓಡುತ್ತಿದ್ದೆವು. ನಮ್ಮ ಪಕ್ಕದ ಮನೆಯವರು ಕೊಳವೆಬಾವಿ ಕೊರೆಯಿಸಲು ಲಾರಿ ತರಿಸಿದರು. ರಾತ್ರಿಯಿಡೀ ಯಂತ್ರ ಗರ್ಜಿಸಿತು. ಬೆಳಗಿನ ಜಾವ ಹೊರಗೆ ಬಂದು ನೋಡಿದರೆ, ತಲೆಯಿಂದ ಪಾದದವರೆಗೆ ಬೂದಿ ಬಣ್ಣದ ಧೂಳು ಮೆತ್ತಿಕೊಂಡಿದ್ದ ಯಂತ್ರದ ಮೇಸ್ತ್ರಿ ನನ್ನ ಕಾಲಿಗೆ ಬಗ್ಗಿ ನಮಸ್ಕರಿಸಿದ. ಅವನೇ! ಹತ್ತನೆಯ ತರಗತಿಗೆ ಬಿಟ್ಟು ಹೋದವನು ಕೊರೆಯುವ ಲಾರಿಯ ಮೇಲೆಯೇ ಬೆಳೆದಿದ್ದ.

ನೀರು ಬಂತೇನಪ್ಪಾ ಎಂದೆ. ಬರಲಿಲ್ಲವೆಂದು ತಲೆಯಾಡಿಸಿ ಅವನು ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ: "ಕೆಂಪ ಕಲ್ಲ ಮುಗದು ಕರಿ ಕಲ್ಲ ಸುರು ಆಗೂ ಜಾಗಾದಾಗ ಒಂದು ಜೇಡಿ ಪದರ ಬರ್ತದ್ರಿ ಸರ್. ಮೊದಲ ಅಲ್ಲೇ ನೀರ ಸಿಗತಿತ್ತು. ನಮ್ಮಪ್ಪನ ಕಾಲದಾಗ ಅದರ ಕೆಳಗ ಯಾರೂ ಹೋಗತಿದ್ದಿಲ್ಲ. ಈಗ ಅದು ಒಣಗೇದ. ಅದಕ್ಕ ಕರಿ ಕಲ್ಲ ಸೀಳಕೋತ ಹೊಂಟೇವಿ."

ಬೀದರಿನ ಇಡೀ ಜಲಚರಿತ್ರೆ ಆ ನಾಲ್ಕು ಮಾತುಗಳಲ್ಲಿದೆ. ನಮ್ಮ ಊರು ಒಂದು ಪ್ರಸ್ಥಭೂಮಿಯ ಮೇಲಿದೆ. ಅದರ ಮೇಲಿನ ಪದರ ಜಂಬಿಟ್ಟಿಗೆ, ಅಂದರೆ ಆ ಹುಡುಗ ಹೇಳಿದ ಕೆಂಪು ಕಲ್ಲು. ಕೆಳಗಿನದು ದಖನ್ನಿನ ಲಾವಾರಸದಿಂದಾದ ಕಪ್ಪು ಶಿಲೆ. ಜಂಬಿಟ್ಟಿಗೆ ಜೇನುಗೂಡಿನಂತೆ ತೂತುತೂತಾದ ಕಲ್ಲು. ಬಿದ್ದ ಮಳೆಯನ್ನು ಬಟ್ಟೆಯಂತೆ ಹೀರಿಕೊಳ್ಳುತ್ತದೆ. ಹೀರಿದ ನೀರು ಇಳಿಯುತ್ತ ಇಳಿಯುತ್ತ ಜೇಡಿಯ ಪದರವನ್ನೂ ಅದರಡಿಯ ಕಪ್ಪು ಶಿಲೆಯನ್ನೂ ಮುಟ್ಟಿ ನಿಲ್ಲುತ್ತದೆ. ಕೆಳಗೆ ಹೋಗಲು ದಾರಿಯಿಲ್ಲದೆ ಅಡ್ಡಡ್ಡ ಸರಿದು, ಪ್ರಸ್ಥಭೂಮಿಯ ಅಂಚಿನಲ್ಲಿ ಬಂಡೆ ಕೊರೆದಲ್ಲಿ ಒರತೆಯಾಗಿ ಹೊರಗೆ ಬರುತ್ತದೆ.

ಆ ಒರತೆಗಳನ್ನು ಬೀದರಿನವರು ಯಾರು ಕಾಣರು? ಝರಣಿ ನರಸಿಂಹನ ಗುಡಿಗೆ ಹೋದವರಿಗೆ ಗೊತ್ತು, ಸುಮಾರು 300 ಮೀಟರ್ ಉದ್ದದ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು ದೇವರ ದರ್ಶನ ಪಡೆಯಬೇಕು. ತಲೆಯ ಮೇಲೆ ಬಾವಲಿಗಳು ನೇತಾಡುತ್ತಿರುತ್ತವೆ. ಗುರುನಾನಕ್ ಝೀರಾದಲ್ಲಿ ಗುರುಗಳು ಪಾದದಿಂದ ಕಲ್ಲು ಸರಿಸಿದಾಗ ಸಿಹಿನೀರು ಚಿಮ್ಮಿತೆಂಬುದು ಭಕ್ತರ ನಂಬಿಕೆ. ಪಾಪನಾಶದ ಶಿವಾಲಯದ ಬಳಿಯೂ ಒರತೆಯಿದೆ. ಹಿಂದೂ ಭಕ್ತನ ತೀರ್ಥ, ಸಿಖ್ಖರ ಅಮೃತಕುಂಡ, ಬಾದಶಹನ ಕರೇಜ್, ಎಲ್ಲಕ್ಕೂ ಮೂಲ ಒಂದೇ ಕೆಂಪು ಕಲ್ಲು, ಒಂದೇ ಮಳೆ. ನಾನು ಈ ಮೂರು ಕ್ಷೇತ್ರಗಳಿಗೂ ಮಕ್ಕಳನ್ನು ಕರೆದೊಯ್ದಿದ್ದೇನೆ. ಮೂರನ್ನೂ ಮೂರು ಬೇರೆ ಪಾಠಗಳಾಗಿ ಹೇಳಿದ್ದೇನೆಯೇ ಹೊರತು, ಅವೆಲ್ಲ ಒಂದೇ ಪಾಠವೆಂದು ಹೇಳಲಿಲ್ಲ.

ಇನ್ನು ಕರೇಜ್‌ನ ವಿಚಾರ. 1347ರಿಂದ ಗುಲಬರ್ಗಾ ಬಹಮನಿಗಳ ರಾಜಧಾನಿಯಾಗಿತ್ತು. 1422ರಲ್ಲಿ ಪಟ್ಟಕ್ಕೆ ಬಂದ ಅಹ್ಮದ್ ಶಾಹನು ಅದನ್ನು ಬೀದರಿಗೆ ಬದಲಾಯಿಸಿದ. 1432ರ ವೇಳೆಗೆ ಕೋಟೆ ತಲೆಯೆತ್ತಿತು. ಎತ್ತರದ ಪ್ರಸ್ಥಭೂಮಿಯ ಮೇಲೆ ಹತ್ತಿರದಲ್ಲಿ ಹೊಳೆಯಿಲ್ಲ; ಮಾಂಜ್ರಾ ನದಿ ದೂರದಲ್ಲಿ, ಕೆಳಗೆ ಹರಿಯುತ್ತದೆ. ಸೈನ್ಯ, ಆನೆ, ಕುದುರೆ, ಪೇಟೆ, ಉದ್ಯಾನ ಇವೆಲ್ಲಕ್ಕೂ ನೀರು ಬೇಕು. ಇದೇ ಅಹ್ಮದ್ ಶಾಹನು ಇರಾನಿನ ಕಿರ್ಮಾನ್ ಸೀಮೆಯ ಸೂಫಿ ಸಂತ ಶಾಹ್ ನಿಯಾಮತುಲ್ಲಾ ಅವರ ಭಕ್ತ. ಸಂತರ ಮೊಮ್ಮಗ ಬೀದರಿಗೆ ಬಂದು ನೆಲೆಸಿದರು. ಬಳಿಕ ಮಗ ಖಲೀಲುಲ್ಲಾ ಕೂಡ ಬಂದರು. ಅಷ್ಟೂರಿಗೆ ಹೋಗುವ ದಾರಿಯಲ್ಲಿ ಕಾಣುವ ಚೌಖಂಡಿ ಖಲೀಲುಲ್ಲಾ ಅವರದೇ ಸಮಾಧಿ. ಆ ಕಿರ್ಮಾನ್ ಎಂಬುದು ಮರಳುಗಾಡಿನ ಅಂಚಿನಲ್ಲಿ, ನೆಲದಡಿಯ ಕಾಲುವೆಗಳನ್ನೇ ನೆಚ್ಚಿಕೊಂಡು ಬದುಕಿದ ಸೀಮೆ. ಅಲ್ಲಿ ಅವನ್ನು ಕನಾತ್ ಎನ್ನುತ್ತಾರೆ. 2016ರಲ್ಲಿ ಯುನೆಸ್ಕೊ ಇರಾನಿನ 11 ಕನಾತ್‌ಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅವುಗಳಲ್ಲಿ ಕಿರ್ಮಾನ್ ಪ್ರಾಂತದವೂ ಇವೆ. ದೂರದ ಸೀಮೆಯಿಂದ ಬಂದವರ ಜೊತೆ ಭಾಷೆ, ಚಿತ್ರಕಲೆ, ವಾಸ್ತುಶಿಲ್ಪ ಬಂದವೆಂದು ಪಾಠದಲ್ಲಿ ಹೇಳುತ್ತಿದ್ದೆವು. ಆ ಪಟ್ಟಿಯಲ್ಲಿ ನೀರಿನ ವಿದ್ಯೆಗೂ ಸ್ಥಾನವಿರಬೇಕಿತ್ತು.

ಕರೇಜ್ ತೋಡುವ ಕ್ರಮ ಸರಳವಾದದ್ದು, ಆದರೆ ಸುಲಭವಾದದ್ದಲ್ಲ. ಎತ್ತರದ ಜಾಗದಲ್ಲಿ ಮೊದಲು ನೀರು ಸಿಗುವವರೆಗೆ ಒಂದು ಬಾವಿ ತೋಡುತ್ತಾರೆ. ಅದು ತಾಯಿಬಾವಿ. ಆ ನೀರಿನ ಮಟ್ಟಕ್ಕಿಂತ ಕೆಳಗಿನ ಇಳಿಜಾರಿನಲ್ಲಿ, ನೀರು ಬೇಕಾದೆಡೆ, ನೆಲಮಟ್ಟದಲ್ಲಿಯೇ ಸುರಂಗ ತೆರೆದು ತಾಯಿಬಾವಿಯತ್ತ ಅಗೆಯುತ್ತ ಹೋಗುತ್ತಾರೆ. ನಡುನಡುವೆ ಮೇಲಿನಿಂದ ಬಾಯಿಗಳನ್ನು ಇಳಿಸುತ್ತಾರೆ. ಗಾಳಿ ಆಡುವುದು ಅವುಗಳಿಂದ, ಅಗೆದ ಮಣ್ಣು ಮೇಲಕ್ಕೆ ಹೋಗುವುದು ಅವುಗಳಿಂದ, ಮುಂದೆ ಹೂಳು ತೆಗೆಯಲು ಇಳಿಯುವುದೂ ಅವುಗಳಿಂದಲೇ. ಸುರಂಗ ನೇರವಾಗಿ ಸಾಗುತ್ತಿದೆಯೇ ಎಂದು ತಿಳಿಯಲು ಇರಾನಿನ ಕೆಲಸಗಾರರು ಹಿಂದೆ ಎರಡು ದೀಪಗಳನ್ನಿಟ್ಟು ನೋಡುತ್ತಿದ್ದರು. ಎರಡೂ ಒಂದೇ ಆಗಿ ಕಂಡರೆ ದಾರಿ ನೆಟ್ಟಗಿದೆ ಎಂದರ್ಥ. ದೀಪ ಮಂಕಾದರೆ ಗಾಳಿ ಕೆಟ್ಟಿದೆ ಎಂಬ ಎಚ್ಚರಿಕೆ. ಇಳಿಜಾರು ಹೆಚ್ಚಾದರೆ ನೀರು ತಳವನ್ನು ಕೊರೆದುಬಿಡುತ್ತದೆ, ಕಡಿಮೆಯಾದರೆ ಹೂಳು ತುಂಬುತ್ತದೆ. ಈ ಎರಡರ ನಡುವಿನ ಹದವನ್ನು ಕಣ್ಣಳತೆಯಿಂದ, ಕತ್ತಲಲ್ಲಿ, ಮಂಡಿಯೂರಿ ಸಾಧಿಸಬೇಕು. ಇಷ್ಟಾದ ಮೇಲೆ ಎತ್ತು ಬೇಡ, ರಾಟೆ ಬೇಡ, ಕರೆಂಟು ಬೇಡ. ನೀರು ತನ್ನಷ್ಟಕ್ಕೆ ತಾನೇ ಹರಿದು ಬರುತ್ತದೆ. ನೆಲದೊಳಗೆ ಇರುವುದರಿಂದ ಬಿಸಿಲಿಗೆ ಆರುವುದೂ ಇಲ್ಲ.

ಬೀದರಿನ ಜಂಬಿಟ್ಟಿಗೆ ಈ ಕೆಲಸಕ್ಕೆ ಹೇಳಿ ಮಾಡಿಸಿದ ಕಲ್ಲು. ನೆಲದೊಳಗೆ ಇರುವಾಗ ಮೆತ್ತಗಿದ್ದು ಉಳಿಗೆ ಸುಲಭವಾಗಿ ಬಗ್ಗುತ್ತದೆ. ಗಾಳಿ ತಗುಲಿದಂತೆಲ್ಲ ಗಟ್ಟಿಯಾಗುತ್ತದೆ. ಹೀಗಾಗಿ ಇಟ್ಟಿಗೆಯ ಕಮಾನಿಲ್ಲದೆಯೂ ಸುರಂಗ ನಿಲ್ಲುತ್ತದೆ. ನಮ್ಮ ಊರಿನಲ್ಲಿ ಇಂಥ ಮೂರು ವ್ಯವಸ್ಥೆಗಳ ಹೆಸರು ಕೇಳಿಬರುತ್ತದೆ: ನೌಬಾದ್, ಶುಕ್ಲತೀರ್ಥ ಮತ್ತು ಹಳೆಯ ಊರಿನ ಜಮ್ನಾ ಮೋರಿ. ನೌಬಾದಿನದು ಎರಡು ಕಿಲೋಮೀಟರಿಗೂ ಮಿಕ್ಕಿ ಉದ್ದವಾದದ್ದು, ಇಪ್ಪತ್ತಕ್ಕೂ ಹೆಚ್ಚು ಬಾಯಿಗಳುಳ್ಳದ್ದು. ಜನ ಅದನ್ನು ಸುರಂಗ ಬಾವಿ ಎನ್ನುತ್ತಿದ್ದರು. ನೋಡಿ, ಸತ್ಯ ಹೆಸರಿನಲ್ಲಿಯೇ ಇತ್ತು! ನಾವು ಮೊದಲ ಅರ್ಧವನ್ನು ಹಿಡಿದುಕೊಂಡು ಎರಡನೆಯ ಅರ್ಧವನ್ನು ಕೈಬಿಟ್ಟಿದ್ದೆವು.

ಆ ವರ್ಷ ಸೆಪ್ಟೆಂಬರಿನಲ್ಲಿ ಮಳೆ ಧಾರಾಳವಾಗಿ ಸುರಿಯಿತು. ಡಿಸೆಂಬರಿನ ಒಂದು ಭಾನುವಾರ, ಹೂಳು ತೆಗೆದಿದ್ದ ಒಂದು ಬಾಯಿಯ ಮೂಲಕ ನಾನೂ ಒಳಗಿಳಿದೆ. ಕೆಲವು ಯುವಕರು ಸೊಂಟಕ್ಕೆ ಹಗ್ಗ ಕಟ್ಟಿ, ಏಣಿ ಹಿಡಿದು ಇಳಿಸಿದರು. ಮೇಲೆ ಡಿಸೆಂಬರಿನ ಚಳಿಗಾಳಿ. ಒಳಗೆ ಕಾಲಿಟ್ಟೊಡನೆ ಬೆಚ್ಚಗಿನ, ಒದ್ದೆ ಮಣ್ಣಿನ ವಾಸನೆಯ ಗಾಳಿ ಮುಖಕ್ಕೆ ತಗುಲಿತು. ಪಾದ ಮುಳುಗುವಷ್ಟು ನೀರು. ಬ್ಯಾಟರಿ ಬೆಳಕು ಬಿಟ್ಟಾಗ ಎರಡೂ ಗೋಡೆಗಳ ಮೇಲೆ ಉಳಿಯ ಗುರುತುಗಳು, ಒಂದರ ಪಕ್ಕ ಒಂದು, ಓರೆಯಾಗಿ, ಮೀನಿನ ಮುಳ್ಳಿನಂತೆ ಕಂಡವು. ಎಷ್ಟು ಹೊಸದಾಗಿದ್ದವೆಂದರೆ ಕೆಲಸದವರು ಊಟಕ್ಕೆ ಎದ್ದು ಹೋಗಿರುವರೇನೋ ಎನ್ನಿಸಿತು. ಒಂದೆಡೆ ಗೋಡೆಯಿಂದ ನೀರು ಜಿನುಗುತ್ತಿತ್ತು. ಅಂಗೈ ಒಡ್ಡಿ ನಿಂತೆ. ಹನಿ ಹನಿಯಾಗಿ ತುಂಬಿತು.

ನನ್ನ ಹಳೆಯ ಪಾಠದ ಕುದುರೆ ಎಲ್ಲಿ ಓಡಬೇಕಿತ್ತು? ನಾನೇ ಕೆಲವೆಡೆ ಬಗ್ಗಿ ನಡೆಯಬೇಕಾಯಿತು. ಮುಂದಿನ ಬಾಯಿಯಿಂದ ಬೆಳಕಿನ ಕಂಬವೊಂದು ಇಳಿದು ನೀರಿನ ಮೇಲೆ ನಿಂತಿತ್ತು. ಅದರ ಕೆಳಗೆ ನಿಂತು ಮೇಲೆ ನೋಡಿದಾಗ ನಾಣ್ಯದಷ್ಟು ಆಕಾಶ. ಇಪ್ಪತ್ತೈದು ವರ್ಷಗಳ ಹಿಂದೆ ನಾನು ಮಕ್ಕಳ ನಡುವೆ ನಿಂತು ಕಥೆ ಹೇಳಿದ್ದು ಇಂಥದೇ ಒಂದು ಬಾಯಿಯ ಅಂಚಿನಲ್ಲಿ. ಒಂದು ಹೆಜ್ಜೆ ಮುಂದಿಟ್ಟು ಬಗ್ಗಿ ನೋಡಿದ್ದರೆ, ಒಂದು ಕಲ್ಲು ಎಸೆದು ಸದ್ದು ಕೇಳಿದ್ದರೆ! ಉತ್ತರ ಕಾಲಡಿಯಲ್ಲಿಯೇ ಇತ್ತು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದರು ಎಂಬ ಗಾದೆಯನ್ನು ಅದೇ ವರ್ಷದ ಏಪ್ರಿಲಿನಲ್ಲಿ ಟ್ಯಾಂಕರಿನ ಸಾಲಿನಲ್ಲಿ ನಿಂತು ನಾವೆಲ್ಲ ನಿಜ ಮಾಡಿದ್ದೆವು.

ಹಾಗಾದರೆ ಇಂಥದೊಂದನ್ನು ಊರಿಗೆ ಊರೇ ಮರೆತದ್ದು ಹೇಗೆ? ನಲ್ಲಿ ಬಂತು, ಪಂಪು ಬಂತು, ಬಾವಿಗೆ ಇಳಿದು ಹೂಳು ತೆಗೆಯುವವರ ಕೆಲಸಕ್ಕೆ ಬೆಲೆಯಿಲ್ಲದಾಯಿತು. ಇದು ಒಂದು ಕಾರಣ. ಇನ್ನೊಂದು ಕಾರಣ ನಾವು ಹೇಳಿದ ಕಥೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಒಂದು ರಂಧ್ರ ನೀರಿನದೆಂದು ತಿಳಿದಿದ್ದರೆ ಅದರಲ್ಲಿ ಕಸ ಸುರಿಯಲು ಹಳ್ಳಿಯ ಮುದುಕಿಯೂ ಬಿಡುತ್ತಿರಲಿಲ್ಲ. ಅದು ಸತ್ತ ರಾಜನ ಓಡಿಹೋಗುವ ದಾರಿ ಎಂದು ತಿಳಿದ ಮೇಲೆ ಯಾರಿಗೆ ಏನು ಬೇಕು? ರಾಜನೂ ಇಲ್ಲ, ಶತ್ರುವೂ ಇಲ್ಲ. ತುಂಬಿ ಮಟ್ಟಸ ಮಾಡಿದರೆ ನಿವೇಶನವಾದರೂ ಆದೀತು. ಬಾಯಿಗಳು ಕಸದ ಗುಂಡಿಗಳಾದವು, ಕೆಲವು ರಸ್ತೆ ಮನೆಗಳ ಅಡಿಗೆ ಸೇರಿದವು. ನಿಧಿಯ ಆಸೆಗೆ ಇಳಿದವರೂ ಇದ್ದರು. ನಿಧಿ ಅವರ ಪಾದದ ಮೇಲೆಯೇ ಹರಿಯುತ್ತಿತ್ತು.

ಕೊಳವೆಬಾವಿಗಳು ಉಳಿದ ಕೆಲಸವನ್ನು ಮುಗಿಸಿದವು. ಕರೇಜ್ ತೆಗೆದುಕೊಳ್ಳುವುದು ಜಂಬಿಟ್ಟಿಗೆಯ ತಳದಲ್ಲಿ ತಾನಾಗಿ ಸೇರಿದ ನೀರನ್ನು ಮಾತ್ರ. ಮಳೆ ಕಡಿಮೆಯಾದರೆ ಹರಿವೂ ಕಡಿಮೆ. ಕೊಟ್ಟಷ್ಟು ಪಡೆಯುವ ಲೆಕ್ಕ ಅದು. ಕೊಳವೆಬಾವಿ ಆ ಪದರವನ್ನು ತೂತು ಮಾಡಿ ಕೆಳಗಿನ ಶಿಲೆಗೆ ಹೋಗುತ್ತದೆ. ಮೇಲಿನ ನೀರು ಆ ತೂತಿನಿಂದ ಕೆಳಗೆ ಸೋರುತ್ತದೆ, ಪಂಪು ಅದನ್ನು ಎಳೆಯುತ್ತದೆ. ಕರೇಜ್ ಒಣಗುತ್ತದೆ. ಬಾವಿ ತೋಡುವವನ ಮಗ ಕೊರೆಯುವ ಲಾರಿಯ ಮೇಸ್ತ್ರಿಯಾದದ್ದು ಒಬ್ಬನ ಕಥೆಯಲ್ಲ, ಇಡೀ ಸೀಮೆಯ ಕಥೆ.

ನಮ್ಮ ಕರೇಜ್ ಒಂಟಿಯಲ್ಲ. ಬುರ್ಹಾನ್‌ಪುರದಲ್ಲಿ ಅಬ್ದುಲ್ ರಹೀಮ್ ಖಾನ್‌ಖಾನಾನನ ಕಾಲದಲ್ಲಿ, 1615ರಲ್ಲಿ ಆದ ಕುಂಡಿ ಭಂಡಾರ ನೂರಕ್ಕೂ ಹೆಚ್ಚು ಬಾಯಿಗಳದ್ದು. ಔರಂಗಾಬಾದಿನಲ್ಲಿ ಮಲಿಕ್ ಅಂಬರನ ನಹರ್ ಇದೆ. ನಮ್ಮ ವಿಜಯಪುರದಲ್ಲಿ ಮೊದಲನೆಯ ಅಲಿ ಆದಿಲಶಾಹನ ಕಾಲಕ್ಕೆ ತೊರವಿಯ ಕಡೆಯಿಂದ ನೆಲದಡಿಯಲ್ಲಿ ನೀರು ತರಲಾಯಿತು. ಅಲ್ಲಿಯ ಸುರಂಗ ಬಾವಡಿಯನ್ನು ವಿಶ್ವ ಸ್ಮಾರಕ ನಿಧಿಯು 2020ರ ತನ್ನ ಕಾವಲು ಪಟ್ಟಿಗೆ ಸೇರಿಸಿತು. ಬೀದರ ನಗರ ಅದೇ ಪಟ್ಟಿಯಲ್ಲಿ 2014ರಲ್ಲಿ ಇತ್ತು. ಕರಾವಳಿಯ ಕಡೆ ಹೋದರೆ ಕಾಸರಗೋಡು, ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಇದೇ ಜಂಬಿಟ್ಟಿಗೆಯ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳಿಂದ ಮನೆ ಮನೆಗೆ ನೀರು ಬರುತ್ತದೆ. ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಒಂಟಿಯಾಗಿ ಸುರಂಗ ಅಗೆದು, ಹಲವು ಸಲ ಸೋತು, ಕೊನೆಗೆ ನೀರು ಕಂಡು, ಬೋಳು ಗುಡ್ಡವನ್ನು ತೋಟ ಮಾಡಿದವರು. ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಬಾದಶಹರ ಆಜ್ಞೆಯೂ ಖಜಾನೆಯೂ ಇಲ್ಲದ ಒಬ್ಬ ಕೂಲಿಕಾರ ಮಾಡಿದ ಕೆಲಸ ಅದು. ಆರು ನೂರು ವರ್ಷಗಳ ಹಿಂದೆ ನೌಬಾದಿನ ಗೋಡೆಯ ಮೇಲೆ ಉಳಿಯ ಗುರುತು ಬಿಟ್ಟವರೂ ಅಂಥವರೇ. ಪಠ್ಯದಲ್ಲಿ ಅಹ್ಮದ್ ಶಾಹನ ಹೆಸರಿದೆ. ಅವರ ಸಹಿ ಗೋಡೆಯ ಮೇಲಿದೆ.

ಇನ್ನು ನನ್ನ ತಿದ್ದುಪಡಿ. 2016ರ ಆ ಬೆಳಗಿನ ಜಾವ, ಯಂತ್ರ ನಿಲ್ಲಿಸಿ ಚಹಾ ಕುಡಿಯುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಗೆ ನಾನು ಹೇಳಿದೆ: "ನೀನು ಅಂದು ನೌಬಾದಿನಲ್ಲಿ ಕೇಳಿದ ಪ್ರಶ್ನೆಯೇ ಸರಿಯಾಗಿತ್ತಪ್ಪಾ. ನಿಮ್ಮ ತಂದೆ ಹೇಳಿದ್ದು ನಿಜ. ನಾನು ಹೇಳಿದ್ದೇ ತಪ್ಪು." ಅವನು ಗಲಿಬಿಲಿಗೊಂಡು ನಕ್ಕ. ತಾನು ಅಂಥ ಪ್ರಶ್ನೆ ಕೇಳಿದ್ದೇ ಅವನಿಗೆ ನೆನಪಿರಲಿಲ್ಲ. "ಆ ಟ್ರಿಪ್ಪಿನಾಗ ನೀವು ಎಲ್ಲಾರಿಗೂ ಪೇರಲಹಣ್ಣ ಕೊಡಿಸಿದ್ರಿ ಸರ್, ಅದ ನೆಪ್ಪದ" ಎಂದ. ಅವನ ತಂದೆ ತೀರಿಕೊಂಡು ಬಹಳ ವರ್ಷಗಳಾಗಿದ್ದವು.

ಅವನು ಮರೆತದ್ದು ನನಗೆ ಸಮಾಧಾನ ತರಲಿಲ್ಲ. ಆಮೇಲೆ ಅವನು ತರಗತಿಯಲ್ಲಿ ಇನ್ನೊಂದು ಪ್ರಶ್ನೆ ಕೇಳಿದ್ದು ನನಗೂ ನೆನಪಿಲ್ಲ. ಆ ದಿನ ನಾನು ಬಾಯಿ ಮುಚ್ಚಿಸಿದ್ದು ಒಬ್ಬ ಹುಡುಗನದು ಮಾತ್ರವಾಗಿರಲಿಲ್ಲ. ನೆಲವನ್ನು ಕೈಯಿಂದ ಬಲ್ಲ ಒಬ್ಬ ತಂದೆಯ ತಿಳಿವಳಿಕೆಯನ್ನೂ, ಅದು ಪುಸ್ತಕದಲ್ಲಿಲ್ಲವೆಂಬ ಒಂದೇ ಕಾರಣಕ್ಕೆ, ಮುಚ್ಚಿಬಿಟ್ಟಿದ್ದೆ. ನೌಬಾದಿನ ಬಾಯಿಗಳನ್ನು ಮಣ್ಣು ಹಾಕಿ ಮುಚ್ಚಿದವರಿಗೂ ನನಗೂ ಹೆಚ್ಚಿನ ವ್ಯತ್ಯಾಸವೇನಿರಲಿಲ್ಲ.

ನನ್ನ ತರಗತಿಗಳಲ್ಲಿ ಕುಳಿತಿದ್ದವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ತಿದ್ದಿಕೊಳ್ಳಿ: ಬೀದರಿನ ಸುರಂಗ ಗೋಲ್ಕೊಂಡಾಕ್ಕೆ ಹೋಗುವುದಿಲ್ಲ. ಅದು ಮಳೆಯಿಂದ ಹೊರಟು ಮನುಷ್ಯನ ಕೊಡದವರೆಗೆ ಬರುತ್ತದೆ. ಈಗ ಪಾಠ ಮಾಡುತ್ತಿರುವ ಗೆಳೆಯರಲ್ಲಿ ಒಂದು ವಿನಂತಿ. ಮಕ್ಕಳನ್ನು ಕೋಟೆಗೆ ಕರೆತಂದಾಗ ನೌಬಾದಿಗೂ ಕರೆತನ್ನಿ. ಬಾಯಿಯ ಬಳಿ ನಿಲ್ಲಿಸಿ, ಇದೇನಿರಬಹುದೆಂದು ಅವರನ್ನೇ ಕೇಳಿ. ಹಿಂದಿನ ಸಾಲಿನಿಂದ ಯಾರಾದರೂ ಎದ್ದು ನಿಂತರೆ, ಅವರು ಮಾತು ಮುಗಿಸುವವರೆಗೆ ಸುಮ್ಮನಿರಿ.